ನಕಲು ಲೈಬ್ರರಿಗಳು, ಕಾಣೆಯಾದ ಮೂಲಗಳು: ಚದುರಿದ ಫೋಟೋ ಸಂಗ್ರಹವನ್ನು ಒಂದುಗೂಡಿಸುವ ಸಮಗ್ರ ಮಾರ್ಗದರ್ಶಿ

ಡಿಸ್ಕ್ ತುಂಬಿದೆ ಎಂಬ ಎಚ್ಚರಿಕೆ ಬಂದ ದಿನ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಫೋಟೋ ಲೈಬ್ರರಿಗಳು ಕಣ್ಣಿಗೆ ಬಿದ್ದವು. ಎರಡನ್ನೂ ತೆರೆದು ನೋಡಿದೆ, ಅವೇ ಚಿತ್ರಗಳು. ದೊಡ್ಡದನ್ನು ಉಳಿಸಿ ಚಿಕ್ಕದನ್ನು ಅಳಿಸಿದೆ. ಕೆಲವು ತಿಂಗಳಾದ ಮೇಲೆ ಒಂದು ಫೋಟೋವನ್ನು ದೊಡ್ಡ ಅಳತೆಯಲ್ಲಿ ಮುದ್ರಿಸಲು ಹೊರಟಾಗ, ಮೂಲ ಫೈಲ್ ಸಿಗುತ್ತಿಲ್ಲ ಎಂದು ತಂತ್ರಾಂಶ ಕೈಚೆಲ್ಲಿತು. ಆ ವರ್ಷದ ಚಿತ್ರಗಳ ಪಾಲಿಗೆ ದೊಡ್ಡ ಲೈಬ್ರರಿಯಲ್ಲಿ ಇದ್ದದ್ದು ಚಿತ್ರಗಳ ಚಿಕ್ಕ ಪ್ರತಿಗಳು ಮಾತ್ರ. ಮೂಲಗಳಿದ್ದದ್ದು ನಾನು ಅಳಿಸಿದ ಚಿಕ್ಕದರಲ್ಲಿ.

ನಕಲುಗಳ ಕಾಟ ಬೇರೆ, ಮೂಲಗಳ ನಾಪತ್ತೆ ಬೇರೆ ಎಂದುಕೊಳ್ಳುವುದರಿಂದಲೇ ಇಂಥ ಅನಾಹುತಗಳು ಆಗುತ್ತವೆ. ಒಂದು ಲೈಬ್ರರಿಯಲ್ಲಿ ಕಾಣೆಯಾದ ಮೂಲ ಹಲವು ಸಲ ಇನ್ನೊಂದರ 'ನಕಲಿ'ನಲ್ಲಿ ಸುರಕ್ಷಿತವಾಗಿ ಕುಳಿತಿರುತ್ತದೆ. ಆದ್ದರಿಂದ ಮೊದಲು ಮೂಲಗಳನ್ನು ಹುಡುಕಬೇಕು, ಆಮೇಲೆ ಲೈಬ್ರರಿಗಳನ್ನು ಸೇರಿಸಬೇಕು, ನಕಲು ತೆಗೆಯುವುದು ಕೊನೆಗೆ. ಈ ಕ್ರಮ ತಪ್ಪಿದರೆ ಎಷ್ಟು ಒಳ್ಳೆಯ ತಂತ್ರಾಂಶವಿದ್ದರೂ ಉಪಯೋಗವಿಲ್ಲ.

ಲೈಬ್ರರಿಯ ಒಳಗೇನಿದೆ

ಪರದೆಯಲ್ಲಿ ಕಾಣುವ ಚಿತ್ರವೂ ಡಿಸ್ಕಿನಲ್ಲಿರುವ ಫೈಲೂ ಒಂದೇ ಅಲ್ಲ. ಫೋಟೋ ತಂತ್ರಾಂಶದ ವ್ಯವಸ್ಥೆಯಲ್ಲಿ ಮೂರು ಭಾಗಗಳಿವೆ: ಮೂಲ ಫೈಲ್‌ಗಳು, ಬೇಗ ತೋರಿಸಲೆಂದು ತಯಾರಿಸಿಟ್ಟ ಚಿಕ್ಕ ಪ್ರತಿಗಳು, ಯಾವ ಚಿತ್ರ ಎಲ್ಲಿದೆ, ಯಾವ ಆಲ್ಬಮ್‌ಗೆ ಸೇರಿದೆ, ಅದಕ್ಕೆ ಏನೇನು ತಿದ್ದುಪಡಿ ಆಗಿದೆ ಎಂದು ಬರೆದಿಟ್ಟ ಡೇಟಾಬೇಸ್. ಆಪಲ್ ಫೋಟೋಸ್‌ನಲ್ಲೂ ಅಡೋಬ್ ಲೈಟ್‌ರೂಮ್ ಕ್ಲಾಸಿಕ್‌ನಲ್ಲೂ ಈ ಡೇಟಾಬೇಸ್ ಎಸ್‌ಕ್ಯೂಲೈಟ್ ಬಗೆಯದೇ. ಇವೆರಡರ ವ್ಯತ್ಯಾಸವಿರುವುದು ಮೂಲಗಳು ವಾಸಿಸುವ ಜಾಗದಲ್ಲಿ.

ಲೈಟ್‌ರೂಮ್ ಕ್ಲಾಸಿಕ್‌ನ ಕ್ಯಾಟಲಾಗ್ ಬರಿಯ ವಿಳಾಸ ಪುಸ್ತಕ. ಅದರೊಳಗೆ ಒಂದು ಮೂಲವೂ ಇರುವುದಿಲ್ಲ. ಆಪಲ್ ಫೋಟೋಸ್ ಸಾಮಾನ್ಯವಾಗಿ ಮೂಲಗಳನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಫೈಲ್‌ಗಳನ್ನು ತೋರಿಸುವ ಫೈಂಡರ್‌ನಲ್ಲಿ ಲೈಬ್ರರಿಯ ಮೇಲೆ ಬಲ ಕ್ಲಿಕ್ ಮಾಡಿ 'ಶೋ ಪ್ಯಾಕೇಜ್ ಕಂಟೆಂಟ್ಸ್' ಆರಿಸಿದರೆ 'ಒರಿಜಿನಲ್ಸ್' ಎಂಬ ಫೋಲ್ಡರ್ ಕಾಣುತ್ತದೆ. 2019ರ ಮ್ಯಾಕ್ ಓಎಸ್ ಕ್ಯಾಟಲಿನಾಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಅದರ ಹೆಸರು 'ಮಾಸ್ಟರ್ಸ್'. ಹೊಸ ಆವೃತ್ತಿಯಲ್ಲಿ ಅದರೊಳಗೆ 0ಯಿಂದ 9 ಮತ್ತು ಎಯಿಂದ ಎಫ್‌ವರೆಗಿನ ಹೆಸರಿನ 16 ಉಪಫೋಲ್ಡರ್‌ಗಳಿದ್ದು, ಪ್ರತಿ ಫೈಲಿನ ಹೆಸರೂ ಅರ್ಥವಾಗದ ಉದ್ದನೆಯ ಸಂಕೇತವಾಗಿರುತ್ತದೆ. ಕ್ಯಾಮೆರಾ ಇಟ್ಟ ಹೆಸರು ಡೇಟಾಬೇಸಿನಲ್ಲಿ ಮಾತ್ರ ಉಳಿದಿರುತ್ತದೆ. ಈ ಫೋಲ್ಡರ್ ಅನ್ನು ನೋಡಲು ಅಡ್ಡಿಯಿಲ್ಲ. ಆದರೆ ಅಲ್ಲಿಂದ ಒಂದು ಫೈಲನ್ನು ಜರುಗಿಸಿದರೂ ಇನ್ನೊಂದು ಮೂಲ ಕಾಣೆಯಾಯಿತು ಎಂದೇ ಲೆಕ್ಕ.

ಮೊದಲ ಹೆಜ್ಜೆ: ಕೈ ಕಟ್ಟಿ ಕುಳಿತುಕೊಳ್ಳಿ

ಯಾವುದನ್ನೂ ಅಳಿಸಬೇಡಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಬೇಡಿ. ಫೋಟೋ ತಂತ್ರಾಂಶಗಳನ್ನೆಲ್ಲ ಮುಚ್ಚಿ. ಬೇರೆ ಡಿಸ್ಕ್ ಒಂದಕ್ಕೆ ಎಲ್ಲ ಲೈಬ್ರರಿಗಳನ್ನೂ ಇಡಿಯಾಗಿ ನಕಲು ಮಾಡಿ. ತಂತ್ರಾಂಶ ತೆರೆದಿರುವಾಗ ಮಾಡಿದ ನಕಲನ್ನು ನಂಬಲಾಗದು, ಏಕೆಂದರೆ ಡೇಟಾಬೇಸ್ ಅರ್ಧ ಬರೆದ ಸ್ಥಿತಿಯಲ್ಲಿ ಇರಬಹುದು.

ಆ ಡಿಸ್ಕ್ ಯಾವ ವಿಧಾನದಲ್ಲಿ ಫಾರ್ಮ್ಯಾಟ್ ಆಗಿದೆ ಎಂಬುದನ್ನು ನೋಡಿಕೊಳ್ಳಿ. ಆಪಲ್ ಫೋಟೋಸ್ ಲೈಬ್ರರಿಗೆ ಎಪಿಎಫ್‌ಎಸ್ ಇಲ್ಲವೇ ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್ ಎಂಬ ಮ್ಯಾಕ್‌ನ ಫಾರ್ಮ್ಯಾಟ್ ಬೇಕು. ಅಂಗಡಿಯಿಂದ ತಂದ ಎಕ್ಸ್‌ಫ್ಯಾಟ್ ಡಿಸ್ಕಿಗೆ ಹಾಗೆಯೇ ಎಳೆದು ಹಾಕಬೇಡಿ. ಹಳೆಯ ಲೈಬ್ರರಿಯನ್ನು ಹೊಸ ಆವೃತ್ತಿಯ ತಂತ್ರಾಂಶದಲ್ಲಿ ತೆರೆದರೆ ಅದು ಹೊಸ ರೂಪಕ್ಕೆ ಬದಲಾಗುತ್ತದೆ, ಮತ್ತೆ ಹಳೆಯ ತಂತ್ರಾಂಶದಲ್ಲಿ ತೆರೆಯದು. ಹೀಗಾಗಿ ಕುತೂಹಲಕ್ಕೂ ಮೊದಲು ಬ್ಯಾಕಪ್.

ಕ್ಲೌಡ್ ಸಿಂಕ್ ಚಾಲೂ ಇದ್ದರೆ ಇನ್ನೂ ಎಚ್ಚರ ಬೇಕು. ಸಿಂಕ್ ಎಂಬುದು ಬ್ಯಾಕಪ್ ಅಲ್ಲ. ಒಂದು ಸಾಧನದಲ್ಲಿ ಅಳಿಸಿದ್ದು ಎಲ್ಲ ಸಾಧನಗಳಲ್ಲೂ ಅಳಿಯುತ್ತದೆ. ಐಕ್ಲೌಡ್ ಫೋಟೋಸ್‌ನಲ್ಲಿ ಅಳಿಸಿದ ಚಿತ್ರಗಳು 'ರೀಸೆಂಟ್ಲಿ ಡಿಲೀಟೆಡ್'ನಲ್ಲಿ 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರಗಳು ಕಸದ ಬುಟ್ಟಿಯಲ್ಲಿ 60 ದಿನ ಇರುತ್ತವೆ. ಇತ್ತೀಚೆಗೆ ಏನಾದರೂ ಅಳಿಸಿದ್ದರೆ ಇಂದೇ ಆ ಎರಡನ್ನೂ ತೆರೆದು ನೋಡಿ, ಏಕೆಂದರೆ ಗಡಿಯಾರ ಆಗಲೇ ಓಡುತ್ತಿರುತ್ತದೆ.

ಎರಡನೆಯ ಹೆಜ್ಜೆ: ಏನೇನಿದೆ ಎಂದು ಬರೆದಿಡಿ

ಎಲ್ಲ ಡಿಸ್ಕ್‌ಗಳು, ಹಳೆಯ ಲ್ಯಾಪ್‌ಟಾಪ್, ಡ್ರಾಯರ್‌ನಲ್ಲಿ ಬಿದ್ದಿರುವ ಪೆನ್ ಡ್ರೈವ್ ಮತ್ತು ಮೆಮೊರಿ ಕಾರ್ಡ್‌ಗಳು, ಕ್ಲೌಡ್ ಖಾತೆಗಳು: ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಲೈಬ್ರರಿಯ ಎದುರು ಅದು ಇರುವ ಜಾಗ, ಗಾತ್ರ, ತಂತ್ರಾಂಶ ತೋರಿಸುವ ಚಿತ್ರಗಳ ಸಂಖ್ಯೆ, ಮೊದಲ ಮತ್ತು ಕೊನೆಯ ಚಿತ್ರದ ದಿನಾಂಕ ಇರಲಿ. ಮ್ಯಾಕ್‌ನಲ್ಲಿ ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದು ಫೋಟೋಸ್ ತೆರೆದರೆ ಅದಕ್ಕೆ ಗೊತ್ತಿರುವ ಲೈಬ್ರರಿಗಳ ಪಟ್ಟಿಯೇ ಬರುತ್ತದೆ.

ಗಾತ್ರವನ್ನು ಚಿತ್ರಗಳ ಸಂಖ್ಯೆಯಿಂದ ಭಾಗಿಸಿ ನೋಡಿ. 20,000 ಚಿತ್ರಗಳ ಲೈಬ್ರರಿಯೊಂದು 8 ಜಿಬಿ ಮಾತ್ರ ಇದ್ದರೆ, ಚಿತ್ರವೊಂದಕ್ಕೆ ಸರಾಸರಿ 0.4 ಎಂಬಿ. ಈಚಿನ ಫೋನಿನ ಕ್ಯಾಮೆರಾ ತೆಗೆದ ಮೂಲಗಳು ಅಷ್ಟು ಚಿಕ್ಕದಾಗಿರುವುದಿಲ್ಲ. ಅಂದರೆ ಅಲ್ಲಿ ಮೂಲಗಳ ಬದಲು ಚಿಕ್ಕ ಪ್ರತಿಗಳೇ ತುಂಬಿವೆ. ಅಂದು ಈ ಭಾಗಾಕಾರವನ್ನು ವರ್ಷವಾರು ಮಾಡಿದ್ದಿದ್ದರೆ ನನ್ನ ಚಿಕ್ಕ ಲೈಬ್ರರಿ ಉಳಿಯುತ್ತಿತ್ತು. ಮೂಲಗಳ ಫೋಲ್ಡರ್‌ನಲ್ಲಿರುವ ಫೈಲ್‌ಗಳನ್ನು ಎಣಿಸುವುದು ಇನ್ನೊಂದು ದಾರಿ. ಒಂದು ಲೈವ್ ಫೋಟೋಗೆ ಚಿತ್ರವೊಂದು, ಕಿರು ವಿಡಿಯೊವೊಂದು ಎಂದು ಎರಡು ಫೈಲ್‌ಗಳಿರುತ್ತವೆ. ರಾ (ಸಂಸ್ಕರಿಸದ ಕ್ಯಾಮೆರಾ ಫೈಲ್) ಮತ್ತು ಜೆಪೆಗ್ ಎರಡನ್ನೂ ತೆಗೆಯುವ ಕ್ಯಾಮೆರಾದ್ದೂ ಅದೇ ಕಥೆ. ಹಾಗಾಗಿ ಫೈಲ್‌ಗಳ ಸಂಖ್ಯೆ ಚಿತ್ರಗಳ ಸಂಖ್ಯೆಗಿಂತ ಹೆಚ್ಚಿದ್ದರೆ ಸಹಜ, ಬಹಳ ಕಡಿಮೆಯಿದ್ದರೆ ಮೂಲಗಳು ಅಲ್ಲಿಲ್ಲ.

ಕೆಲವು ಲೈಬ್ರರಿಗಳು ನಕಲಿನಂತೆ ಕಂಡರೂ ಜಾಗ ತಿನ್ನುತ್ತಿರುವುದಿಲ್ಲ. 2015ರಲ್ಲಿ ಆಪಲ್ ಐಫೋಟೋ ಬದಲಿಗೆ ಫೋಟೋಸ್ ತಂದಾಗ ಹಳೆಯ ಲೈಬ್ರರಿಯಿಂದ ಹೊಸದನ್ನು ಹುಟ್ಟಿಸಿತು. ಫೈಂಡರ್ ಎರಡಕ್ಕೂ ಪೂರ್ಣ ಗಾತ್ರ ತೋರಿಸುತ್ತದೆ, ಆದರೆ ಚಿತ್ರಗಳು ಡಿಸ್ಕಿನಲ್ಲಿರುವುದು ಒಮ್ಮೆ ಮಾತ್ರ. ಹಾರ್ಡ್ ಲಿಂಕ್ (ಒಂದೇ ಫೈಲಿಗೆ ಎರಡು ಹೆಸರು) ಮೂಲಕ ಎರಡೂ ಅವನ್ನು ಹಂಚಿಕೊಂಡಿರುತ್ತವೆ. ಹಳೆಯದನ್ನು ಅಳಿಸಿದರೆ ಹೆಚ್ಚೇನೂ ಜಾಗ ಸಿಗದು. ಅವೆರಡನ್ನೂ ಬೇರೆ ಡಿಸ್ಕಿಗೆ ಬೇರೆ ಬೇರೆಯಾಗಿ ನಕಲು ಮಾಡಿದಿರೋ, ಆ ಬಂಧ ಮುರಿದು ನಿಜವಾಗಿಯೂ ಎರಡರಷ್ಟು ಜಾಗ ಹೋಗುತ್ತದೆ.

ಮೂರನೆಯ ಹೆಜ್ಜೆ: ಕಾಣೆಯಾದ ಮೂಲಗಳ ಬೆನ್ನುಹತ್ತಿ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಮೂಲ ಕಾಣುತ್ತಿಲ್ಲ ಎಂದ ಮಾತ್ರಕ್ಕೆ ಹೋಗಿಬಿಟ್ಟಿದೆ ಎಂದಲ್ಲ. ಸಾಧ್ಯತೆಗಳನ್ನು ಸುಲಭದಿಂದ ಕಷ್ಟದ ಕಡೆಗೆ ಒಂದೊಂದಾಗಿ ನೋಡಬೇಕು.

*ಮೂಲ ಕ್ಲೌಡ್‌ನಲ್ಲಿದೆ.* ಮ್ಯಾಕ್‌ನ ಫೋಟೋಸ್‌ನಲ್ಲಿ 'ಆಪ್ಟಿಮೈಸ್ ಮ್ಯಾಕ್ ಸ್ಟೋರೇಜ್' ಚಾಲೂ ಇದ್ದರೆ ಜಾಗ ಕಡಿಮೆಯಾದಾಗ ಪೂರ್ಣ ಗಾತ್ರದ ಮೂಲ ಐಕ್ಲೌಡ್‌ನಲ್ಲಿ ಉಳಿದು, ಮ್ಯಾಕ್‌ನಲ್ಲಿ ಚಿಕ್ಕ ಪ್ರತಿ ಇರುತ್ತದೆ. ಸಾಕಷ್ಟು ಜಾಗ ಮಾಡಿಕೊಂಡು 'ಡೌನ್‌ಲೋಡ್ ಒರಿಜಿನಲ್ಸ್ ಟು ದಿಸ್ ಮ್ಯಾಕ್' ಆರಿಸಿ, ಮುಗಿಯುವ ತನಕ ಕಾಯಿರಿ. ದೊಡ್ಡ ಸಂಗ್ರಹಕ್ಕೆ ದಿನಗಳೇ ಹಿಡಿಯಬಹುದು. ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ಗಳಲ್ಲೂ ಇದೇ ಆಟವಿದೆ: ಫೋಲ್ಡರ್‌ನಲ್ಲಿ ಫೈಲಿನ ಹೆಸರು ಕಾಣುತ್ತದೆ, ಫೈಲ್ ಇರುವುದಿಲ್ಲ. ಅಂಥ ಫೋಲ್ಡರ್ ಮೇಲೆ ನಕಲು ಹುಡುಕುವ ತಂತ್ರಾಂಶವನ್ನು ಬಿಟ್ಟರೆ ಅದು ಪ್ರತಿಯೊಂದನ್ನೂ ಓದಲು ಹೋಗಿ ಎಲ್ಲವನ್ನೂ ಡೌನ್‌ಲೋಡ್ ಮಾಡಿಸುತ್ತದೆ.

ಗೂಗಲ್ ಫೋಟೋಸ್‌ನಲ್ಲಿ ಮಾತ್ರ ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾವ ಗುಣಮಟ್ಟದಲ್ಲಿ ಏರಿಸಿದ್ದೆ? 'ಸ್ಟೋರೇಜ್ ಸೇವರ್' ಆಗಿದ್ದರೆ ಚಿತ್ರಗಳು ಕುಗ್ಗಿರುತ್ತವೆ, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡವು ಆ ಅಳತೆಗೆ ಇಳಿದಿರುತ್ತವೆ. ಅದನ್ನು ಮೂಲವೆಂದು ಕರೆಯಲು ಬಾರದು. ಬೇರೆಲ್ಲೂ ಸಿಗದಿದ್ದರೆ ಆಸರೆಯಾದೀತು, ಅಷ್ಟೇ.

*ಡಿಸ್ಕ್ ಜೋಡಿಸಿಲ್ಲ, ಇಲ್ಲವೇ ಅದರ ಹೆಸರು ಬದಲಾಗಿದೆ.* ವಿಂಡೋಸ್‌ನಲ್ಲಿ ಹೊರಗಿನ ಡಿಸ್ಕಿಗೆ ನಿನ್ನೆ 'ಇ' ಅಕ್ಷರವಿದ್ದು ಇಂದು 'ಎಫ್' ಬಂದರೆ ಸಾಕು, ಕ್ಯಾಟಲಾಗ್‌ನ ಸಾವಿರಾರು ವಿಳಾಸಗಳು ಒಮ್ಮೆಗೇ ಸುಳ್ಳಾಗುತ್ತವೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಹಳೆಯ ಅಕ್ಷರವನ್ನೇ ಕೊಟ್ಟರೆ ಅರ್ಧ ನಿಮಿಷದಲ್ಲಿ ಸಮಸ್ಯೆ ಮಾಯ.

*ಫೈಲ್ ಬೇರೆ ಫೋಲ್ಡರ್‌ಗೆ ಹೋಗಿದೆ.* ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಮೂಲವಿಲ್ಲದ ಚಿತ್ರದ ಮೇಲೆ ಆಶ್ಚರ್ಯಸೂಚಕ ಚಿಹ್ನೆ, ಸಿಗದ ಫೋಲ್ಡರ್ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಮೊದಲು ಫೋಲ್ಡರ್ ಮಟ್ಟದಲ್ಲೇ ಸರಿಪಡಿಸಿ: ಅದರ ಮೇಲೆ ಬಲ ಕ್ಲಿಕ್ ಮಾಡಿ 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಆರಿಸಿ ಹೊಸ ಜಾಗ ತೋರಿಸಿದರೆ ಒಳಗಿನವೆಲ್ಲ ಹಿಂದೆಯೇ ಬರುತ್ತವೆ. ಉಳಿದವನ್ನು ಲೈಬ್ರರಿ ಮೆನುವಿನ 'ಫೈಂಡ್ ಆಲ್ ಮಿಸ್ಸಿಂಗ್ ಫೋಟೋಸ್' ಒಟ್ಟುಗೂಡಿಸಿ ಕೊಡುತ್ತದೆ. ಒಂದು ಚಿತ್ರದ ಚಿಹ್ನೆಯನ್ನು ಒತ್ತಿ 'ಲೊಕೇಟ್' ಮಾಡುವಾಗ, ಹತ್ತಿರದ ಕಾಣೆಯಾದ ಚಿತ್ರಗಳನ್ನೂ ಹುಡುಕು ಎಂಬ ಆಯ್ಕೆಗೆ ಗುರುತು ಹಾಕಲು ಮರೆಯಬೇಡಿ. ಕಾಣೆಯಾದ ಚಿತ್ರವನ್ನು ಹೊಸದೆಂಬಂತೆ ಮತ್ತೆ ಇಂಪೋರ್ಟ್ ಮಾಡಿದಿರೋ, ಹಳೆಯ ತಿದ್ದುಪಡಿಗಳೆಲ್ಲ ಮೂಲವಿಲ್ಲದ ದಾಖಲೆಗೆ ಅಂಟಿಕೊಂಡೇ ಉಳಿದು, ಕೈಗೆ ಇನ್ನೊಂದು ನಕಲು ಬರುತ್ತದೆ.

ಆಪಲ್ ಫೋಟೋಸ್‌ನಲ್ಲೂ ಮೂಲಗಳನ್ನು ಲೈಬ್ರರಿಯ ಹೊರಗಿಡುವ ಪದ್ಧತಿಯಿದೆ. ಸೆಟ್ಟಿಂಗ್ಸ್‌ನಲ್ಲಿ ಲೈಬ್ರರಿಗೆ ನಕಲಿಸು ಎಂಬ ಆಯ್ಕೆಯನ್ನು ಎಂದೋ ತೆಗೆದುಹಾಕಿದ್ದರೆ, ಆ ಬಳಿಕ ಸೇರಿಸಿದವೆಲ್ಲ ತಮ್ಮ ಹಳೆಯ ಫೋಲ್ಡರ್‌ನಲ್ಲೇ ಇರುತ್ತವೆ. ಇಂಥವು ಐಕ್ಲೌಡ್‌ಗೂ ಏರುವುದಿಲ್ಲ. 'ಫೋಟೋ ಈಸ್ ರೆಫರೆನ್ಸ್ಡ್' ಎಂಬ ಷರತ್ತಿನ ಸ್ಮಾರ್ಟ್ ಆಲ್ಬಮ್ ಮಾಡಿದರೆ ಅವೆಲ್ಲ ಒಂದೆಡೆ ಸಿಗುತ್ತವೆ. ಮೂಲಗಳ ಡಿಸ್ಕ್ ಜೋಡಿಸಿ, ಫೈಲ್ ಮೆನುವಿನ 'ಕನ್ಸಾಲಿಡೇಟ್' ಒತ್ತಿ ಅವನ್ನು ಲೈಬ್ರರಿಯ ಒಳಗೆ ಎಳೆದುಕೊಳ್ಳಿ.

*ಡೇಟಾಬೇಸಿಗೆ ಮರೆವು ಬಂದಿದೆ.* ಕಮಾಂಡ್ ಮತ್ತು ಆಪ್ಷನ್ ಎರಡನ್ನೂ ಒತ್ತಿ ಹಿಡಿದು ಫೋಟೋಸ್ ತೆರೆದರೆ ರಿಪೇರಿಯ ಅವಕಾಶ ಬರುತ್ತದೆ. ಬ್ಯಾಕಪ್ ಆಗಿದ್ದರೆ ಮಾತ್ರ ಮುಂದುವರಿಯಿರಿ.

*ಮೂಲ ಇನ್ನೊಂದು ಲೈಬ್ರರಿಯಲ್ಲಿದೆ.* ನಿಮ್ಮ ಹಾಳೆ ಕೆಲಸಕ್ಕೆ ಬರುವುದು ಇಲ್ಲಿ. ಕಾಣೆಯಾದ ಚಿತ್ರಗಳ ದಿನಾಂಕ ನೋಡಿಕೊಂಡು ಅದೇ ಅವಧಿಯ ಬೇರೆ ಲೈಬ್ರರಿಗಳಲ್ಲಿ ಹುಡುಕಿ. ಸಿಕ್ಕರೆ 'ಎಕ್ಸ್‌ಪೋರ್ಟ್ ಅನ್‌ಮಾಡಿಫೈಡ್ ಒರಿಜಿನಲ್' ಮೂಲಕವೇ ಹೊರತೆಗೆಯಿರಿ. ಸಾಮಾನ್ಯ ಎಕ್ಸ್‌ಪೋರ್ಟ್ ಕೊಡುವುದು ಹೊಸದಾಗಿ ತಯಾರಿಸಿದ ಪ್ರತಿಯನ್ನು. ಹೆಸರನ್ನು ಮಾತ್ರ ನಂಬಬೇಡಿ. ಕ್ಯಾಮೆರಾಗಳು 0001ರಿಂದ 9999ರವರೆಗೆ ಎಣಿಸಿ ಮತ್ತೆ ಮೊದಲಿಗೆ ಬರುತ್ತವೆ, ಆದ್ದರಿಂದ ಒಂದೇ ಹೆಸರಿನ ಎರಡು ಫೈಲ್‌ಗಳು ಬೇರೆ ಬೇರೆ ವರ್ಷದ, ಸಂಬಂಧವೇ ಇಲ್ಲದ ಚಿತ್ರಗಳಾಗಿರಬಹುದು. ಹೆಸರು, ತೆಗೆದ ಸಮಯ, ಪಿಕ್ಸೆಲ್ ಅಳತೆ ಮೂರೂ ಹೊಂದಿದರೆ ಅದೇ ಚಿತ್ರವೆಂದು ಹೇಳಬಹುದು.

*ನಿಜವಾಗಿಯೂ ಅಳಿದಿದೆ.* ಮೆಮೊರಿ ಕಾರ್ಡ್ ಅಥವಾ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಅದಕ್ಕೆ ಏನನ್ನೂ ಬರೆಯದೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಪ್ರಯತ್ನಿಸಬಹುದು. ಅದು ಫೈಲ್‌ಗಳ ಹೆಸರನ್ನು ಮರಳಿಸುವುದಿಲ್ಲ, ಒಳಗಿನ ಚಿತ್ರವನ್ನು ಮಾತ್ರ ಕೊಡುತ್ತದೆ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ಗುಡಿಸಿಬಿಡುವುದರಿಂದ ಆಸೆ ಕಡಿಮೆ.

ಅದೂ ಆಗದಿದ್ದರೆ ಚಿಕ್ಕ ಪ್ರತಿಗಳೇ ಗತಿ. ಲೈಟ್‌ರೂಮ್‌ನಲ್ಲಿ ಸ್ಮಾರ್ಟ್ ಪ್ರಿವ್ಯೂ ಮಾಡಿಟ್ಟಿದ್ದರೆ ಉದ್ದದ ಬದಿ 2560 ಪಿಕ್ಸೆಲ್ ಇರುವ ಪ್ರತಿ ಸಿಗುತ್ತದೆ. ಮೂಲವಿಲ್ಲದೆಯೂ ಅದರಿಂದ ಎಕ್ಸ್‌ಪೋರ್ಟ್ ಮಾಡಬಹುದು. ಆಪಲ್ ಲೈಬ್ರರಿಯೊಳಗಿನ 'ಡೆರಿವೇಟಿವ್ಸ್' ಫೋಲ್ಡರ್‌ನಲ್ಲೂ ಬಳಸಬಹುದಾದ ಪ್ರತಿಗಳಿರುತ್ತವೆ. ಅವನ್ನು ಬ್ಯಾಕಪ್‌ನಿಂದ ನಕಲು ಮಾಡಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಒಂದನ್ನು ಮುಖ್ಯವೆಂದು ಆರಿಸಿ, ಉಳಿದವನ್ನು ಸೇರಿಸಿ

ಎಲ್ಲಕ್ಕಿಂತ ದೊಡ್ಡ ಲೈಬ್ರರಿಯನ್ನೇ ಮುಖ್ಯವಾಗಿಸಬೇಕು ಎಂದು ಅನ್ನಿಸುವುದು ಸಹಜ. ನನ್ನ ಅಭಿಪ್ರಾಯ ಬೇರೆ. ಯಾವುದರಲ್ಲಿ ನಿಮ್ಮ ಶ್ರಮ ಹೆಚ್ಚು ಇದೆಯೋ, ಆಲ್ಬಮ್‌ಗಳು, ಮುಖಗಳಿಗೆ ಕೊಟ್ಟ ಹೆಸರುಗಳು, ಶೀರ್ಷಿಕೆಗಳು, ತಿದ್ದುಪಡಿಗಳು ಇವೆಯೋ ಅದನ್ನು ಇಟ್ಟುಕೊಳ್ಳಿ. ಫೈಲ್‌ಗಳನ್ನು ಎಷ್ಟು ಬೇಕಾದರೂ ನಕಲು ಮಾಡಿ ತರಬಹುದು, ಆ ಶ್ರಮವನ್ನು ತರುವುದು ಕಷ್ಟ.

ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ 'ಇಂಪೋರ್ಟ್ ಫ್ರಮ್ ಅನದರ್ ಕ್ಯಾಟಲಾಗ್' ಇದನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಎರಡರಲ್ಲೂ ಇರುವ ಚಿತ್ರಕ್ಕೆ ಯಾವ ತಿದ್ದುಪಡಿ ಉಳಿಯಬೇಕೆಂದೂ ಕೇಳುತ್ತದೆ. ಆಪಲ್ ಲೈಬ್ರರಿಗಳಿಗೆ ಪವರ್‌ಫೋಟೋಸ್ ಎಂಬ, ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವಿದೆ. ಎರಡನೆಯ ಲೈಬ್ರರಿಯನ್ನು ಸಿಸ್ಟಮ್ ಲೈಬ್ರರಿಯಾಗಿ (ಐಕ್ಲೌಡ್‌ಗೆ ಜೋಡಿಸಲಾಗುವ ಒಂದೇ ಲೈಬ್ರರಿ) ಮಾಡಿ ಐಕ್ಲೌಡ್‌ಗೆ ಏರಿಸಿ ಅಲ್ಲಿ ಬೆರೆಸುವ ದಾರಿಯೂ ಇದೆ. ಒಮ್ಮೆ ಬೆರೆತದ್ದನ್ನು ಮತ್ತೆ ಬೇರ್ಪಡಿಸಲು ಆಗುವುದಿಲ್ಲ, ಹಾಗಾಗಿ ನಾನು ಅದನ್ನು ಕೊನೆಯ ಆಯ್ಕೆಯಾಗಿ ಇಡುತ್ತೇನೆ.

ಗೂಗಲ್‌ನಲ್ಲಿರುವ ನಮ್ಮ ಮಾಹಿತಿಯನ್ನು ಇಳಿಸಿಕೊಡುವ ಗೂಗಲ್ ಟೇಕ್‌ಔಟ್‌ನಿಂದ ಇಳಿಸಿದ ಚಿತ್ರಗಳನ್ನು ಸೇರಿಸುವವರು ಎರಡು ಸಂಗತಿ ಗಮನಿಸಬೇಕು. ವರ್ಷದ ಫೋಲ್ಡರ್‌ನಲ್ಲಿರುವ ಚಿತ್ರವೇ ಆಲ್ಬಮ್‌ನ ಫೋಲ್ಡರ್‌ನಲ್ಲೂ ಮತ್ತೆ ಬಂದಿರಬಹುದು. ಅಲ್ಲದೆ ಗೂಗಲ್‌ನಲ್ಲಿ ಬರೆದ ವಿವರಗಳು ಚಿತ್ರದ ಒಳಗೆ ಇರದೆ ಪಕ್ಕದ ಜೆಸನ್ ಫೈಲಿನಲ್ಲಿರುತ್ತವೆ. ಚಿತ್ರದ ವಿವರಗಳನ್ನು ತಿದ್ದುವ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಬಳಸಿ ಅವನ್ನು ಚಿತ್ರದೊಳಗೆ ಬರೆಸಿದ ಮೇಲೆಯೇ ಇಂಪೋರ್ಟ್ ಮಾಡಿ. ಲೈಟ್‌ರೂಮಿನ ಎಕ್ಸ್‌ಎಂಪಿ, ಐಫೋನಿನ ಎಎಇ ಮೊದಲಾದ, ತಿದ್ದುಪಡಿಗಳನ್ನು ಬರೆದಿಟ್ಟ ಜೊತೆಫೈಲ್‌ಗಳೂ ತಮ್ಮ ಚಿತ್ರದಿಂದ ಬೇರೆಯಾಗಬಾರದು.

ಐದನೆಯ ಹೆಜ್ಜೆ: ಈಗ ನಕಲುಗಳು

ನಕಲು ಎರಡು ಬಗೆ. ಒಂದು, ಪ್ರತಿ ಬೈಟೂ ಒಂದೇ ಆಗಿರುವುದು. ಎಸ್‌ಎಚ್‌ಎ 256ರಂಥ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿದರೆ ಇಂಥವು ಖಚಿತವಾಗಿ ಸಿಗುತ್ತವೆ, ಒಂದನ್ನು ಅಳಿಸಲು ಯೋಚಿಸಬೇಕಿಲ್ಲ. ಇನ್ನೊಂದು, ಕಣ್ಣಿಗೆ ಒಂದೇ ಆಗಿ ಫೈಲ್ ಬೇರೆ ಆಗಿರುವುದು: ಕುಗ್ಗಿಸಿದ ಪ್ರತಿ, ಬೇರೆ ರೂಪಕ್ಕೆ ಬದಲಿಸಿದ ಪ್ರತಿ, ಒಂದು ಶೀರ್ಷಿಕೆ ಸೇರಿಸಿದ ಪ್ರತಿ. ಒಂದು ಅಕ್ಷರ ಬದಲಾದರೂ ಹ್ಯಾಶ್ ಬೇರೆಯಾಗುವುದರಿಂದ ಇಲ್ಲಿ ಅದು ಕೈಕೊಡುತ್ತದೆ. ಆಗ ಚಿತ್ರವನ್ನೇ 8×8 ಚೌಕಗಳಷ್ಟು ಕುಗ್ಗಿಸಿ, ಪ್ರತಿ ಚೌಕ ಸರಾಸರಿಗಿಂತ ಬೆಳಕಾಗಿದೆಯೋ ಕತ್ತಲಾಗಿದೆಯೋ ಎಂದು ಗುರುತಿಟ್ಟು ಹೋಲಿಸುವ ವಿಧಾನಗಳನ್ನು ಬಳಸುತ್ತಾರೆ. ಚ್ಕಾವ್ಕ ಮತ್ತು ಡ್ಯೂಪ್‌ಗುರು ಎಂಬ ಉಚಿತ ತಂತ್ರಾಂಶಗಳು ಈ ಎರಡೂ ಬಗೆಯ ನಕಲುಗಳನ್ನು ಹುಡುಕುತ್ತವೆ. ಆದರೆ ಸಾಮಾನ್ಯ ಫೋಲ್ಡರ್‌ಗಳ ಮೇಲೆ ಮಾತ್ರ ಅವನ್ನು ಬಿಡಿ, ಆಪಲ್ ಲೈಬ್ರರಿಯ ಒಳಕ್ಕೆ ಬೇಡ. ಅಲ್ಲಿಗೆ 2022ರ ಮ್ಯಾಕ್ ಓಎಸ್ ವೆಂಚುರಾ ಮತ್ತು ಐಒಎಸ್ 16ರಿಂದ ಫೋಟೋಸ್‌ನಲ್ಲೇ ಇರುವ 'ಡ್ಯೂಪ್ಲಿಕೇಟ್ಸ್' ಸಾಕು. ಅದು ಒಳ್ಳೆಯ ಗುಣಮಟ್ಟದ್ದನ್ನು ಉಳಿಸಿ ವಿವರಗಳನ್ನು ಕೂಡಿಸುತ್ತದೆ. ತೆರೆದಿರುವ ಲೈಬ್ರರಿಯ ಆಚೆಗೆ ಅದು ನೋಡುವುದಿಲ್ಲವಾದ್ದರಿಂದಲೇ ಸೇರಿಸುವ ಕೆಲಸ ಮೊದಲು ಮುಗಿಯಬೇಕು.

ಯಾವುದನ್ನು ಉಳಿಸಬೇಕು? ದೊಡ್ಡ ಫೈಲ್ ಎಂಬ ಸೂತ್ರ ಇಲ್ಲೂ ಮೋಸ ಮಾಡುತ್ತದೆ. ಐಫೋನಿನ ಹೀಕ್ ರೂಪದ ಮೂಲ ಜೆಪೆಗ್‌ನ ಸುಮಾರು ಅರ್ಧದಷ್ಟಿರುತ್ತದೆ. ಅದರಿಂದ ತಯಾರಿಸಿದ ಜೆಪೆಗ್ ಗಾತ್ರದಲ್ಲಿ ದೊಡ್ಡದು, ಸತ್ವದಲ್ಲಿ ಕಡಿಮೆ. ಹೆಚ್ಚು ಪಿಕ್ಸೆಲ್‌ಗಳು, ಕ್ಯಾಮೆರಾದ ಮಾದರಿ ಮತ್ತು ತೆಗೆದ ಸಮಯವಿರುವ ಎಕ್ಸಿಫ್ ವಿವರ (ಕ್ಯಾಮೆರಾ ಫೈಲಿನೊಳಗೇ ಬರೆದಿಡುವ ಮಾಹಿತಿ), ಕ್ಯಾಮೆರಾ ಇಟ್ಟ ಹೆಸರು: ಈ ಮೂರು ಯಾವುದರಲ್ಲಿವೆಯೋ ಅದು ಮೂಲ. ವಾಟ್ಸಾಪ್ ಮೂಲಕ ಫೋಟೋ ಆಗಿ ಬಂದದ್ದರಲ್ಲಿ ಎಕ್ಸಿಫ್ ಇರುವುದಿಲ್ಲ, ಆಂಡ್ರಾಯ್ಡ್ ಫೋನಿನಲ್ಲಾದರೆ ಹೆಸರಿನಲ್ಲಿ 'ಡಬ್ಲ್ಯೂಎ' ಇರುತ್ತದೆ. ಬೇರೆ ಪ್ರತಿ ಇಲ್ಲದಿದ್ದರೆ ಅದೂ ಅಮೂಲ್ಯವೇ.

ಬರ್ಸ್ಟ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ ಬಿಡದೆ ತೆಗೆದ ಹತ್ತು ಚಿತ್ರಗಳು ನಕಲುಗಳಲ್ಲ, ರಾ ಮತ್ತು ಜೆಪೆಗ್ ಜೋಡಿಯೂ ಅಲ್ಲ. ತಂತ್ರಾಂಶ ಅವನ್ನು ಒಂದೇ ಗುಂಪಿಗೆ ತಂದರೆ ಕಣ್ಣಿನಿಂದ ನೋಡಿಯೇ ತೀರ್ಮಾನಿಸಿ. ಸಮಯವನ್ನು ಹೋಲಿಸುವಾಗ ಗಂಟೆಗಳ ವ್ಯತ್ಯಾಸ ಕಂಡರೂ ಗಾಬರಿಯಾಗಬೇಡಿ: 2016ರ ಎಕ್ಸಿಫ್ 2.31 ಬರುವ ತನಕ ಸಮಯವಲಯ ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ, ಹಾಗಾಗಿ ಒಂದೇ ಚಿತ್ರದ ಸಮಯವನ್ನು ಎರಡು ತಂತ್ರಾಂಶಗಳು ಎರಡು ಬಗೆಯಲ್ಲಿ ಓದಿರಬಹುದು.

ಹಳೆಯ ಲೈಬ್ರರಿಗಳ ವಿದಾಯ

ಸೇರಿಸಿದ ಲೈಬ್ರರಿಯಲ್ಲಿ ಪ್ರತಿ ವರ್ಷದಿಂದ ಹತ್ತಿಪ್ಪತ್ತು ಚಿತ್ರಗಳನ್ನು ಮನಸ್ಸಿಗೆ ಬಂದಂತೆ ಆರಿಸಿ, ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿ, ಎರಡು ಮೂರನ್ನು ಮೂಲ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ. ಈ ಪರೀಕ್ಷೆ ನಡೆಸುವಾಗ ಇಂಟರ್‌ನೆಟ್ ಸಂಪರ್ಕ ತೆಗೆದಿರಲಿ, ಇಲ್ಲವಾದರೆ ಕ್ಲೌಡ್‌ನಿಂದ ಬಂದದ್ದನ್ನು ಡಿಸ್ಕಿನಲ್ಲೇ ಇದೆ ಎಂದುಕೊಳ್ಳುವಿರಿ. ಹಳೆಯ ಲೈಬ್ರರಿಗಳ ಹೆಸರಿನ ಹಿಂದೆ 'ಹಳೆಯದು' ಎಂದು ಸೇರಿಸಿ ಬೇರೆ ಡಿಸ್ಕಿಗೆ ಸಾಗಿಸಿ, ಆ ಡಿಸ್ಕನ್ನು ಕಳಚಿಡಿ. ಎರಡು ಮೂರು ತಿಂಗಳು ಹೊಸ ಲೈಬ್ರರಿಯನ್ನೇ ಬಳಸಿ. ಎಲ್ಲೂ ಆಶ್ಚರ್ಯಸೂಚಕ ಚಿಹ್ನೆ ಕಾಣದಿದ್ದರೆ, ಹೊಸ ಲೈಬ್ರರಿಯ ಎರಡು ಬ್ಯಾಕಪ್‌ಗಳು ಎರಡು ಬೇರೆ ಜಾಗಗಳಲ್ಲಿವೆ ಎಂದು ಖಾತ್ರಿ ಮಾಡಿಕೊಂಡು ಆ ಡಿಸ್ಕನ್ನು ಬೇರೆ ಕೆಲಸಕ್ಕೆ ಬಳಸಬಹುದು. ಮೂಲ ಎಲ್ಲೂ ಸಿಗದ ಚಿತ್ರಗಳನ್ನು 'ಮೂಲ ಬಾಕಿ' ಎಂಬ ಆಲ್ಬಮ್‌ಗೆ ಹಾಕಿಡಿ. ನನ್ನ ಆಲ್ಬಮ್‌ನಲ್ಲಿ ಇನ್ನೂ ನೂರ ಹನ್ನೆರಡು ಉಳಿದಿವೆ. ಕಳೆದ ಸಲ ಒಂದು ಹಳೆಯ ಮೆಮೊರಿ ಕಾರ್ಡ್ ಸಿಕ್ಕಾಗ ಒಂಬತ್ತು ಕಡಿಮೆಯಾದವು.